ಸಹಾಯ ಬೇಕು: ಎರಡು ಗಝೀಬೊಗಳ ನಡುವಿನ ಸಂದಿಯಲ್ಲಿ ಮಳೆನೀರು ಇಳಿಯದಂತೆ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಬಳಿ ನಮ್ಮ ಮನೆಯ ಕೈತೋಟದಲ್ಲಿ, ಜಿಐ ಪೈಪಿನ ಕಂಬಗಳ ಮೇಲೆ ತಗಡು ಹೊದಿಸಿದ, 10 ಅಡಿ ಚೌಕದ ಎರಡು ಗಝೀಬೊಗಳು (ಗೋಡೆಯಿಲ್ಲದ ತೆರೆದ ಮಂಟಪಗಳು) ಅಕ್ಕಪಕ್ಕದಲ್ಲಿದ್ದು, ಅವುಗಳ ಸೂರಿನ ನಡುವೆ ಸುಮಾರು 4 ಇಂಚಿನ ಸಂದಿ ಇದೆ. ಎರಡೂ ಮಾಡಿನ ನೀರು ಆ ಸಂದಿಗೇ ಇಳಿದು, ಕೆಳಗಿರುವ ಊಟದ ಮೇಜಿನ ನಟ್ಟನಡುವೆ ಸುರಿಯುತ್ತದೆ.

ಕಳೆದ ಬೇಸಿಗೆಯಲ್ಲಿ ‘ವಿ’ ಆಕಾರಕ್ಕೆ ಬಗ್ಗಿಸಿದ ತಗಡನ್ನು ಎರಡೂ ಸೂರಿಗೆ ರಿವೆಟ್ ಹೊಡೆಸಿ, ಅಂಚಿಗೆ ಸಿಲಿಕೋನ್ ತುಂಬಿಸಿದ್ದೆ. ಆಷಾಢದ ಗಾಳಿಗೆ ಎರಡು ಚೌಕಟ್ಟುಗಳೂ ಬೇರೆಬೇರೆಯಾಗಿ ಅಲುಗಾಡಿ, ರಿವೆಟ್ಟಿನ ತೂತುಗಳು ಅಗಲವಾಗಿ, ಸಿಲಿಕೋನು ಬಾಳೆನಾರಿನಂತೆ ಉದ್ದಕ್ಕೆ ಸುಲಿದು ಬಂತು. ಧೂಳು ಒರೆಸದೆ ಹಚ್ಚಿದ್ದು ನನ್ನದೇ ತಪ್ಪು. ಆದರೆ ಮೂಲ ದೋಷ ಅಂಟಿನದಲ್ಲ, ಅಲುಗಾಟದ್ದು ಎಂದು ನನ್ನ ಅನಿಸಿಕೆ.

ಆದ್ದರಿಂದ ಈ ಬಾರಿ ಮಾಡಿನ ನೀರು ಹರಿದುಹೋಗುವ 6 ಇಂಚು ಅಗಲದ ದೋಣಿಯನ್ನು (ಗಟರ್) ಒಂದೇ ಚೌಕಟ್ಟಿಗೆ ಬಿಗಿದು, ಇನ್ನೊಂದರ ಸೂರು ಅದರೊಳಗೆ ಬಿಡಿಯಾಗಿ ಚಾಚಿಕೊಳ್ಳುವಂತೆ ಮಾಡಿ, ಇರಿಚಲು ತಡೆಯಲು ಇಪಿಡಿಎಂ ಎಂಬ, ಬಿಸಿಲು-ಮಳೆ ತಾಳುವ ರಬ್ಬರಿನ ಪಟ್ಟಿಯನ್ನು ಇಳಿಬಿಡುವ ಯೋಚನೆಯಿದೆ. ವೆಲ್ಡರ್ ಮಾತ್ರ, ಕಂಬಗಳನ್ನೇ ಪಟ್ಟಿ-ಬೋಲ್ಟಿನಿಂದ ಒಂದಾಗಿಸಿ ಸಂದಿಗೆ ಬ್ಯೂಟೈಲ್ ಟೇಪ್ (ನೀರು ತಡೆಯುವ ಅಂಟು ರಬ್ಬರ್ ಪಟ್ಟಿ) ಅಂಟಿಸಿದರೆ ಸಾಕು ಎನ್ನುತ್ತಾರೆ.

ನಮ್ಮಂಥ ಮಳೆಯೂರಿನಲ್ಲಿ ಇವೆರಡರಲ್ಲಿ ಯಾವುದನ್ನಾದರೂ ಮಾಡಿಸಿ, ಒಂದು ಮಳೆಗಾಲವನ್ನಾದರೂ ಕಳೆದವರು ಇದ್ದರೆ ದಯವಿಟ್ಟು ತಿಳಿಸಿ. 10 ಅಡಿ ಉದ್ದದ ದೋಣಿಗೆ 1 ಇಂಚು ಇಳಿಜಾರು ಸಾಕೇ, ಮೇಲಿನ ಸಿಲ್ವರ್ ಓಕ್ ಎಲೆಗಳು ಕಟ್ಟಿಕೊಳ್ಳದಂತೆ ಜಾಲರಿ ಹಾಕಬೇಕೇ ಎಂಬುದನ್ನೂ ಹೇಳಿದರೆ, ಮುಂಗಾರಿಗೆ ಮೊದಲೇ ಕೆಲಸ ಹಿಡಿಸುತ್ತೇನೆ.