ಹಸುವಿನ ಜ್ವರ ಇಳಿಯುತ್ತಿಲ್ಲ, ಥೈಲೇರಿಯಾ (ಉಣ್ಣೆಯಿಂದ ಬರುವ ರಕ್ತದ ರೋಗ) ಇರಬಹುದಾ?

ಪ್ರಶ್ನೆ: ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ ಹಸು, ಕರು ಹಾಕಿ ಒಂದು ತಿಂಗಳಾಯಿತು. ಮೂರು ದಿನದಿಂದ 105 ಡಿಗ್ರಿ ಜ್ವರ. ಇಂಜೆಕ್ಷನ್ ಕೊಟ್ಟರೆ ಇಳಿಯುತ್ತೆ, ಮತ್ತೆ ಏರುತ್ತೆ. ಹಾಲು ಅರ್ಧಕ್ಕರ್ಧ ಕಡಿಮೆ. ಮೈಮೇಲೆ ಉಣ್ಣೆ ಇದೆ. ಯಾರಿಗಾದರೂ ಹೀಗಾಗಿತ್ತಾ?

ಹಾಸನದ ಕಡೆಯಿಂದ:
ನಮ್ಮಲ್ಲೂ ಹೋದ ಬೇಸಿಗೆಯಲ್ಲಿ ಹೀಗೇ ಶುರುವಾಯಿತು. ಈಗಲೇ ಕೊಟ್ಟಿಗೆಗೆ ಹೋಗಿ, ಭುಜದ ಮುಂದೆ, ಕುತ್ತಿಗೆ ಸೇರುವ ಜಾಗದಲ್ಲಿ ಕೈಯಾಡಿಸಿ. ನಮ್ಮ ಗೌರಿಗೆ ಅಲ್ಲಿ ನಿಂಬೆಹಣ್ಣಿಗಿಂತ ದಪ್ಪ ಗಡ್ಡೆ ಸಿಕ್ಕಿತ್ತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನಾವು ಬರೀ ಜ್ವರದ ಇಂಜೆಕ್ಷನ್ ಹಾಕಿಸಿ ಎರಡು ದಿನ ಕಾದೆವು, ಅದೇ ತಪ್ಪಾಯಿತು. ಮೂರನೇ ದಿನ ರೆಪ್ಪೆ ಬಿಡಿಸಿ ನೋಡಿದರೆ ಒಳಗೆಲ್ಲ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

ಆಮೇಲೆ ಬಂದ ಡಾಕ್ಟರು ಕಿವಿ ತುದಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಸವರಿಕೊಂಡು ಹೋದರು. ಸಂಜೆಗೆ ಥೈಲೇರಿಯಾ ಅಂತ ಗೊತ್ತಾಯಿತು. ಇದಕ್ಕೆ ಬುಪಾರ್ವಾಕ್ವೋನ್ ಅಂತ ಬೇರೆಯೇ ಔಷಧಿ ಇದೆ. 20 ಕಿಲೋ ತೂಕಕ್ಕೆ 1 ಎಂಎಲ್ ಲೆಕ್ಕ, ಕುತ್ತಿಗೆಯ ಮಾಂಸಖಂಡಕ್ಕೆ. ದುಬಾರಿ ನಿಜ. ಆದರೆ ರಕ್ತ ತೀರಾ ಕಡಿಮೆಯಾದ ಮೇಲೆ ಕೊಟ್ಟರೆ ಅಷ್ಟು ಕೆಲಸ ಮಾಡಲ್ಲ. ನಮ್ಮದು ಬದುಕಿತು. ಹಾಲು ಮಾತ್ರ ಆ ಸೂಲಿನಲ್ಲಿ ಮೊದಲಿನಷ್ಟಕ್ಕೆ ಬರಲೇ ಇಲ್ಲ. ದಯವಿಟ್ಟು ನಾಳೆವರೆಗೆ ಕಾಯಬೇಡಿ.

ಮಂಡ್ಯದಿಂದ:
ಗಂಜಲದ ಬಣ್ಣವನ್ನೂ ನೋಡಿ. ನಮ್ಮ ಹಸು ಕಾಫಿ ಡಿಕಾಕ್ಷನ್ ತರ ಹುಯ್ಯುತ್ತಿತ್ತು, ಅದು ಬಬೇಸಿಯಾ ಆಗಿತ್ತು. ಅದೂ ಉಣ್ಣೆಯಿಂದಲೇ ಬರೋದು, ಆದರೆ ಔಷಧಿ ಬೇರೆ. ರಕ್ತ ಪರೀಕ್ಷೆ ಇಲ್ಲದೆ ಊಹೆ ಮೇಲೆ ಔಷಧಿ ಹಾಕಿಸಬೇಡಿ.

ಕೋಲಾರದಿಂದ:
ಹಸು ಹುಷಾರಾದ ಮೇಲೆ ಗೋಡೆ ಕಡೆ ಗಮನ ಕೊಡಿ. ನಾವು ಮೈಗೆ ಔಷಧಿ ಹೊಡೆದು ಹೊಡೆದು ಸುಸ್ತಾಗಿದ್ದೆವು. ಒಂದು ದಿನ ಗೋದಲಿ ಹಿಂದಿನ ಬಿರುಕಿಗೆ ಕಡ್ಡಿ ಹಾಕಿ ಕೆದಕಿದರೆ ರಕ್ತ ಕುಡಿದು ಉಬ್ಬಿದ ಉಣ್ಣೆಗಳು ಹರಳು ಬೀಜದ ಹಾಗೆ ಉದುರಿದವು. ಅಲ್ಲೇ ಮೊಟ್ಟೆ ಇಡುತ್ತವೆ, ಒಂದೊಂದೂ ಸಾವಿರಗಟ್ಟಲೆ. ಬಿರುಕಿಗೆಲ್ಲ ಸಿಮೆಂಟ್ ತುಂಬಿಸಿದ ಮೇಲೇ ಕಾಟ ತಗ್ಗಿದ್ದು. ಕಿವಿ ಒಳಗೆ, ಕೆಚ್ಚಲ ಸಂದಿಯಲ್ಲಿ, ಬಾಲದ ಬುಡದಲ್ಲಿ ದಿನಾ ನೋಡಿ ಕಿತ್ತುಹಾಕಿ. ಉಣ್ಣೆ ಕಚ್ಚಿದ ತಕ್ಷಣ ರೋಗ ದಾಟಲ್ಲ, ಎರಡು ಮೂರು ದಿನ ಬೇಕು. ಹಾಗಾಗಿ ದಿನಾ ಕೀಳೋದು ಸುಮ್ನೆ ಅಲ್ಲ.

ಕರುವಿಗೆ ಎರಡು ತಿಂಗಳು ತುಂಬಿದ ಮೇಲೆ ಥೈಲೇರಿಯಾ ಲಸಿಕೆ ಬಗ್ಗೆ ಡಾಕ್ಟರನ್ನು ಕೇಳಿ. ಅದನ್ನು ದ್ರವ ಸಾರಜನಕದಲ್ಲೇ ಇಟ್ಟಿರಬೇಕು, ಹಾಗಾಗಿ ಎಲ್ಲ ಅಂಗಡಿಯಲ್ಲೂ ಸಿಗಲ್ಲ, ಮೊದಲೇ ಹೇಳಿ ತರಿಸಬೇಕು. ಗಡ್ಡೆ ಇದೆಯಾ ನೋಡಿ ಇವತ್ತೇ ತಿಳಿಸಿ, ಕಾಯ್ತಿರ್ತೀವಿ.