ಹಳೇ ಮರದ ಡೆಕ್‌ಗೆ ಮತ್ತೆ ಸ್ಟೇನ್: ಕೊಟ್ಟಿಗೆಹಾರದ ಮಳೆಗೆ ಯಾವುದು ನಿಲ್ಲುತ್ತೆ?

ಕೊಟ್ಟಿಗೆಹಾರದ ಮನೆ:

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದ ಮನೆ ಹಿಂಬದಿಯಲ್ಲಿ ಮಾವನವರು ಕಟ್ಟಿಸಿದ್ದ ಮರದ ಡೆಕ್ ಇದೆ. 20 ಅಡಿ ಉದ್ದ, 12 ಅಡಿ ಅಗಲ, ಮೇಲೆ ಸೂರಿಲ್ಲ, ಪೂರ್ವಕ್ಕೆ ಮುಖ. ಹೆಚ್ಚಿನ ಹಲಗೆ ಮತ್ತಿ ಮರದ್ದು, ಅಂಚಿನ ನಾಲ್ಕೈದು ಹೊನ್ನೆ. ಹಿಂದೆ ಪೇಂಟರ್ ಒಬ್ಬರು ಪಿಯು (ಪಾಲಿಯುರೆಥೇನ್) ವಾರ್ನಿಶ್ ಹೊಡೆದಿದ್ದರು. ಮೊದಲ ಮಳೆಗಾಲಕ್ಕೇ ಗುಳ್ಳೆ ಎದ್ದು, ಆಮೇಲೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತಾ ಬಂತು. ಈಗ ಅರ್ಧ ಭಾಗ ವಾರ್ನಿಶ್, ಉಳಿದರ್ಧ ಬೂದಿ ಬಣ್ಣದ ಬರೀ ಮರ. ಮೊಳೆ ಸುತ್ತ ಕಪ್ಪು ಕಲೆ, ಸಂದಿಯಲ್ಲೆಲ್ಲ ಪಾಚಿ. ಅತ್ತೆ ಸಂಜೆ ಅಲ್ಲೇ ಕೂರೋದು, ಜಾರಿ ಬಿದ್ದಾರೆಂಬ ಭಯ ನನಗೆ.

ಈ ಸಲ ಸ್ಟೇನ್, ಅಂದರೆ ಮರದ ನಾರು ಕಾಣೋ ಹಾಗೆ ಹಚ್ಚೋ ಬಣ್ಣ, ಹಚ್ಚೋಣ ಅಂತಿದ್ದೀನಿ. ಅಂಗಡಿಯವರು ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಲೇಪ, ಹೊಡೀರಿ ಅಂತಾರೆ. ಪೂರ್ತಿ ಉಜ್ಜಲೇಬೇಕಾ? ರೊಬಸ್ಟಾ ಕಾಫಿ ಕೊಯ್ಲು ಮುಗಿಯೋವರೆಗೆ ಆಳು ಸಿಗಲ್ಲ, ಫೆಬ್ರವರಿ ಕೊನೆಗೆ ಶುರು ಮಾಡಿದರೆ ಆಗುತ್ತಾ?

ಸಕಲೇಶಪುರ ಮರಗೆಲಸ:

ಅಕ್ಕಾ, ಡಬ್ಬ ಆಮೇಲೆ ತಗೊಳ್ಳಿ. ನಿಮ್ಮ ಕಡೆ ಮಳೆಗೆ ಸ್ಟೇನ್ ನಿಲ್ಲೋದು ಬಿಡೋದು ಅದನ್ನು ಹಚ್ಚೋ ಮೊದಲು ಮಾಡೋ ಕೆಲಸದ ಮೇಲಿದೆ. ಸಕಲೇಶಪುರ, ಮೂಡಿಗೆರೆ ಸುತ್ತಿನ ತೋಟದ ಮನೆಗಳಲ್ಲಿ ನಾನು ಮಾಡೋದು ಇದೇ ಕೆಲಸ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಆ ಬೂದಿ ಬಣ್ಣ ಬರೀ ಕೊಳೆಯಲ್ಲ. ಮರದ ನಾರನ್ನು ಹಿಡಿದಿಡೋ ಲಿಗ್ನಿನ್ ಬಿಸಿಲಿಗೆ ಒಡೆದು ಮಳೆಯಲ್ಲಿ ತೊಳೆದುಹೋಗುತ್ತೆ, ಮೇಲೆ ಸತ್ತ ನಾರು ಉಳಿಯುತ್ತೆ. ಅದರ ಮೇಲೆ ಏನು ಹಚ್ಚಿದರೂ ಹಿಡಿಯೋದು ಸತ್ತ ನಾರನ್ನೇ. ನಾರು ಎದ್ದಾಗ ಬಣ್ಣವೂ ಏಳುತ್ತೆ.

ಹಾಗಾಗಿ ಪೂರ್ತಿ ಉಜ್ಜಲೇಬೇಕು. ಮೊದಲು ಸಂದಿಯ ಎಲೆ, ಮಣ್ಣು, ಪಾಚಿಯನ್ನು ಹಳೇ ಹ್ಯಾಕ್ಸಾ ಬ್ಲೇಡಿನಿಂದ ಕೆರೆದು ತೆಗೀರಿ. ಸಂದಿ ಕಟ್ಟಿದರೆ ನೀರು ಹಲಗೆಯ ಬದಿಯಲ್ಲೇ ನಿಲ್ಲುತ್ತೆ. ಕೊಳೆಯೋದು ಶುರುವಾಗೋದೇ ಅಲ್ಲಿ. ಆಮೇಲೆ ವಾಷಿಂಗ್ ಸೋಡಾ ನೀರು ಹಾಕಿ ಗಟ್ಟಿ ಬ್ರಷ್‌ನಲ್ಲಿ ನಾರಿನ ಉದ್ದಕ್ಕೆ ತಿಕ್ಕಿ ತೊಳೀರಿ. ಜೀಪ್ ತೊಳೆಯೋ ಪ್ರೆಶರ್ ಮಿಷನ್ ಹತ್ತಿರ ಹಿಡಿದರೆ ಮರ ಸೀಳಿ ರೋಮ ಏಳುತ್ತೆ, ಅದು ಬೇಡ.

ಮೊಳೆ ಸುತ್ತಿನ ಕಪ್ಪು, ಮತ್ತಿಯ ಒಗರಿಗೆ ಕಬ್ಬಿಣ ಸೇರಿ ಆಗಿದ್ದು. ಎಷ್ಟು ಉಜ್ಜಿದರೂ ಹೋಗಲ್ಲ. ಮೊಸಾಯಿಕ್ ನೆಲ ಪಾಲಿಶ್ ಮಾಡೋರು ಬಳಸೋ ಆಕ್ಸಾಲಿಕ್ ಆಸಿಡ್ ಪುಡಿ ತಗೊಳ್ಳಿ. ಒಂದು ಲೀಟರ್ ಬೆಚ್ಚನೆ ನೀರಿಗೆ 50 ಗ್ರಾಂ, ಪ್ಲಾಸ್ಟಿಕ್ ಬಕೆಟ್‌ನಲ್ಲೇ ಕಲಸಿ. ಹಚ್ಚಿ 20 ನಿಮಿಷ ಬಿಟ್ಟು ಚೆನ್ನಾಗಿ ತೊಳೀರಿ. ಅದು ವಿಷ, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ, ನಾಯಿಯನ್ನು ಕಟ್ಟಿಹಾಕಿ. ಪಾಚಿಗೆ ಅಂತ ಯಾರಾದರೂ ಬ್ಲೀಚಿಂಗ್ ಪೌಡರ್ ತಂದರೆ ಬೇಡ ಅನ್ನಿ. ಆಸಿಡ್ ಜೊತೆ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತೆ.

ಒಣಗಿದ ಮೇಲೆ ಸ್ಯಾಂಡಿಂಗ್, ಅಂದರೆ ಉಪ್ಪು ಕಾಗದದಲ್ಲಿ ಉಜ್ಜೋದು. ಮೊಳೆ ತಲೆಯನ್ನೆಲ್ಲ ಒಳಕ್ಕೆ ಬಡಿದುಕೊಂಡು, ವಾರ್ನಿಶ್ ಇರೋ ಕಡೆ 40 ನಂಬರ್ ಪೇಪರ್, ಆಮೇಲೆ 60, ಕೊನೆಗೆ 80. ಅಲ್ಲಿಗೇ ನಿಲ್ಲಿಸಿ. ಬಾಗಿಲಿಗೆ ಮಾಡಿದಷ್ಟು ನುಣುಪು ಮಾಡಿದರೆ ರಂಧ್ರ ಮುಚ್ಚಿ ಸ್ಟೇನ್ ಒಳಗೆ ಇಳಿಯಲ್ಲ, ನಡೆಯೋಕೂ ಜಾರುತ್ತೆ.

ಕ್ಲಿಯರ್ ಕೋಟ್ ಖಂಡಿತ ಬೇಡ. ಪದರ ಕಟ್ಟೋ ಯಾವುದೂ ಬಯಲಿನ ನೆಲಕ್ಕೆ ಬೇಡ. ಮರ ಮಳೆಗೆ ಹಿಗ್ಗಿ ಬಿಸಿಲಿಗೆ ಕುಗ್ಗುವಾಗ ಪದರ ಬಿರಿಯುತ್ತೆ, ಒಳಗೆ ಹೋದ ನೀರು ಹೊರಗೆ ಬರಲ್ಲ. ಎಣ್ಣೆ ಆಧಾರದ, ಒಳಗೆ ಇಂಗೋ, ಸ್ವಲ್ಪ ಬಣ್ಣ ಇರೋ ಸ್ಟೇನ್ ಕೇಳಿ. ಬಿಸಿಲನ್ನು ತಡೆಯೋದು ಆ ಬಣ್ಣವೇ.

ಫೆಬ್ರವರಿ ಕೊನೆ ಆಗುತ್ತೆ, ಆದರೆ ಮುಂದೆ ಹಾಕಬೇಡಿ. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸೋ ಹೂಮಳೆ ಬಂದರೆ ತೋಟಕ್ಕೆ ಒಳ್ಳೇದು, ಹಸಿ ಸ್ಟೇನಿಗೆ ಅಲ್ಲ.

ಆಲ್ದೂರಿನವ:

ನಮ್ಮಲ್ಲಿ ಹಳಬರು ತೊಲೆ, ಪಕಾಸಿಗೆಲ್ಲ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚುತ್ತಿದ್ದರು. ಗೆದ್ದಲು ಹತ್ತಿರ ಸುಳಿಯಲ್ಲ. ಅದನ್ನೇ ಹಚ್ಚಬಾರದಾ ಆಚಾರ್ರೇ?

ಸಕಲೇಶಪುರ ಮರಗೆಲಸ:

ಅಣ್ಣಾ, ಗೇರೆಣ್ಣೆ ಒಳ್ಳೇ ವಸ್ತು, ಡೆಕ್ಕಿನ ಅಡಿಯ ತೊಲೆಗೆ ಹಚ್ಚಿ ಅಂತ ನಾನೇ ಹೇಳ್ತೀನಿ. ಆದರೆ ಅದು ಮೈಗೆ ತಾಗಿದರೆ ಸುಟ್ಟು ಗುಳ್ಳೆ ಏಳುತ್ತೆ, ಒಣಗೋಕೂ ತುಂಬ ದಿನ ಬೇಕು. ವಯಸ್ಸಾದವರು ಬರಿಗಾಲಲ್ಲಿ ಓಡಾಡೋ ಜಾಗದ ಮೇಲ್ಭಾಗಕ್ಕೆ ನಾನು ಹಚ್ಚಲ್ಲ.

ಬೇಲೂರು ರಸ್ತೆ:

ಹೊನ್ನೆ ಹಲಗೆ ನೆನೆದರೆ ಕಂದು ನೀರು ಬಿಡುತ್ತೆ, ನಮ್ಮ ಸಿಮೆಂಟ್ ಮೆಟ್ಟಿಲಿನ ಮೇಲೆಲ್ಲ ಕಲೆ ಆಗಿದೆ. ತೊಳೆಯುವಾಗ ಕೆಳಗಿನ ನೆಲಕ್ಕೆ ಮೊದಲೇ ನೀರು ಸುರಿದುಕೊಳ್ಳಿ.

ಕೊಟ್ಟಿಗೆಹಾರದ ಮನೆ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಆಚಾರ್ರೇ, ಹೆಂಚಿನ ನೀರು ಬೀಳೋ ಕಡೆ ಎರಡು ಹಲಗೆ ಮೆತ್ತಗಾಗಿವೆ. ತೋಟದಲ್ಲಿ ಕಡಿದ ಸಿಲ್ವರ್ ಓಕ್ ಬಿದ್ದಿದೆ, ಅದನ್ನೇ ಕೊಯ್ಸಿ ಹಾಕಲಾ? ಮತ್ತೆ ಇಲ್ಲಿ ಬೆಳಗ್ಗೆ ಇಬ್ಬನಿ ಜಾಸ್ತಿ.

ಸಕಲೇಶಪುರ ಮರಗೆಲಸ:

ಸಿಲ್ವರ್ ಓಕ್ ಬಯಲಿನಲ್ಲಿ ಬಾಳಲ್ಲ ಅಕ್ಕಾ. ಮೆತ್ತಗಿರೋ ಹಲಗೆಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಮೇಲಷ್ಟೇ ಮೆತ್ತಗಿದ್ದರೆ ಬಿಚ್ಚಿ ಮಗುಚಿ ಹಾಕಿ, ಎಷ್ಟೋ ಸಲ ಅಡಿಭಾಗ ಗಟ್ಟಿಯಾಗೇ ಇರುತ್ತೆ. ಆಳಕ್ಕೆ ಇಳಿದರೆ ಹಳೇ ಮನೆ ಬಿಚ್ಚಿದ ಮತ್ತಿ ಹಲಗೆ ಹುಡುಕಿ, ಸ್ಟೇನ್‌ಲೆಸ್ ಸ್ಕ್ರೂ ಹಾಕಿಸಿ. ಹೇಗಿದ್ದರೂ ಅಲ್ಲಿ ಹೆಂಚಿನ ಅಂಚಿಗೊಂದು ನೀರಿನ ದೋಣಿ ಕಟ್ಟಿಸಿ ನೀರು ಬೇರೆ ಕಡೆ ತಿರುಗಿಸಿ, ಇಲ್ಲದಿದ್ದರೆ ಹೊಸ ಹಲಗೆಗೂ ಅದೇ ಗತಿ.

ಇಬ್ಬನಿ ವಿಚಾರ ಕೇಳಿದ್ದು ಒಳ್ಳೇದಾಯ್ತು. ಮರ ಒಳಗೂ ಒಣಗಿರಬೇಕು. ನಾಲ್ಕು ಹನಿ ನೀರು ಹಾಕಿ, ಬೇಗ ಹೀರಿಕೊಂಡರೆ ಸ್ಟೇನೂ ಇಳಿಯುತ್ತೆ. ನಿಮ್ಮದು ಪೂರ್ವದ ಮುಖ, ಬೆಳಗಿನ ಬಿಸಿಲು ಇಬ್ಬನಿ ಆರಿಸುತ್ತೆ. ಮನೆ ನೆರಳು ಬಿದ್ದ ತಕ್ಷಣ ಶುರು ಮಾಡಿ, ಮಧ್ಯಾಹ್ನ ಮೂರು ಗಂಟೆಯೊಳಗೆ ಮುಗಿಸಿ, ರಾತ್ರಿ ಇಬ್ಬನಿಗೆ ಮುಂಚೆ ಸ್ವಲ್ಪ ಆರಲಿ. ಒಂದೊಂದು ಹಲಗೆಯನ್ನು ಈ ತುದಿಯಿಂದ ಆ ತುದಿವರೆಗೆ ಹಚ್ಚಿ, ನಡುವೆ ಬಿಟ್ಟರೆ ಪಟ್ಟೆ ಬೀಳುತ್ತೆ. ಕೊಯ್ದ ತುದಿಗಳಿಗೆ ಎರಡೆರಡು ಸಲ ಹಚ್ಚಿ, ನೀರು ಹೆಚ್ಚು ಕುಡಿಯೋದು ಅವೇ. ಕಾಲು ಗಂಟೆ ಬಿಟ್ಟು, ಇಂಗದೆ ಉಳಿದಿದ್ದನ್ನು ಬಟ್ಟೆಯಲ್ಲಿ ಒರೆಸಿ ತೆಗೀರಿ.

ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಕಾಫಿ ಚೀಲ ಇರೋ ಗೋಡೌನಿನಲ್ಲಿ ಎಸೀಬೇಡಿ. ಅಗಸೆ ಎಣ್ಣೆ ಇರೋ ಸ್ಟೇನ್ ಒಣಗುವಾಗ ತಾನಾಗೇ ಬಿಸಿಯೇರಿ ಬೆಂಕಿ ಹತ್ತಬಹುದು. ನೀರಿನ ಬಕೆಟ್‌ಗೆ ಹಾಕಿಡಿ, ಇಲ್ಲವೇ ಬೇಲಿ ಮೇಲೆ ಒಂದೊಂದಾಗಿ ಬಿಡಿಸಿ ಹರವಿ.