ಸಹಾಯ ಬೇಕು: ಮಂಗಳೂರಿನ ಕದ್ರಿ, ಬಿಜೈ ಕಡೆ ಒಳ್ಳೆ ಜಿಮ್ ಯಾವುದು?

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಮಂಡಿ ನೋವು. ಕಾಲಿಗೆ ಬಲ ಬರುವ ವ್ಯಾಯಾಮ ಮಾಡಿಸಿ ಎಂದು ಡಾಕ್ಟರು ಹೇಳಿದ್ದಾರೆ. ಕದ್ರಿ ಪಾರ್ಕಿನ ವಾಕಿಂಗ್ ಮಳೆಗಾಲದಲ್ಲಿ ಆಗುವ ಮಾತಲ್ಲ. ಹಾಗಾಗಿ ಇಬ್ಬರೂ ಜಿಮ್ ಸೇರುವ ಅಂತ ಇದ್ದೇವೆ.

ಬಿಜೈ, ಲಾಲ್‌ಬಾಗ್ ಸುತ್ತ ವಿಚಾರಿಸಿದೆ. ಎಲ್ಲರೂ ವರ್ಷದ ಪ್ಯಾಕೇಜನ್ನೇ ಮುಂದಿಡುತ್ತಾರೆ. ತಿಂಗಳ ಲೆಕ್ಕಕ್ಕೆ ಕಡಿಮೆ ಬೀಳುತ್ತದೆ ನಿಜ. ಆದರೆ ಮಧ್ಯೆ ಹುಷಾರು ತಪ್ಪಿದರೆ ಆ ದಿನಗಳು ಹೋದ ಹಾಗೆಯೇ ಅಲ್ವಾ? ಅಷ್ಟು ದಿನ ಮುಂದಕ್ಕೆ ಹಾಕಿಕೊಡುವ ಜಿಮ್ ಇದೆಯಾ? ಒಂದು ಕಡೆ ಟ್ರೆಡ್‌ಮಿಲ್ ಹೊಳೆಯುತ್ತಿತ್ತು, ಡಂಬೆಲ್ ಎತ್ತಿದರೆ ಅಂಗೈಗೆಲ್ಲ ತುಕ್ಕು. ಇಲ್ಲಿನ ಉಪ್ಪು ಗಾಳಿಗೆ ದಿನಾ ಒರೆಸಿಡಬೇಕು. ಇನ್ನೊಂದು ಕಡೆ ಶೇ. 18 ಜಿಎಸ್‌ಟಿ ಸೇರಿಸಿ ಚೀಟಿ ಬರೆದರು. 2025ರ ಸೆಪ್ಟೆಂಬರ್ 22ರಿಂದ ಜಿಮ್‌ಗೆ ಶೇ. 5 ಮಾತ್ರ. ನೀವೂ ಬಿಲ್ ನೋಡಿಕೊಳ್ಳಿ.

ಎಸಿ, ಸ್ಟೀಮ್ ನಮಗೆ ಬೇಡ. ವಯಸ್ಸಾದವರಿಗೆ ತಾಳ್ಮೆಯಿಂದ ಹೇಳಿಕೊಡುವ ಟ್ರೈನರ್ ಬೇಕು, ಲೇಡಿ ಟ್ರೈನರ್ ಆದರೆ ಇನ್ನೂ ಒಳ್ಳೆಯದು. ಅಮ್ಮನಿಗೆ ಮೆಟ್ಟಿಲು ಕಷ್ಟ, ಲಿಫ್ಟ್ ಇರಲೇಬೇಕು. ನೀವೇ ಹೋಗುತ್ತಿರುವ ಜಿಮ್ ಆದರೆ ಮೂರು ತಿಂಗಳಿಗೆ ಎಷ್ಟು, ಸೇರುವ ಫೀಸ್ ಬೇರೆ ಇದೆಯಾ, ದಯವಿಟ್ಟು ತಿಳಿಸಿ.